ಶಹಾಡಿಗೆ ಹೊತ್ತ ಊರುಗೋಲು

ಆಯುಧಪೂಜೆಯ ಬೆಳಿಗ್ಗೆ ಸಾನಪಾಡಾ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ನನ್ನ ಹೆಗಲ ಮೇಲೆ ಹಳೆ ಬೆಡ್‌ಶೀಟಿನಲ್ಲಿ ಸುತ್ತಿದ ಕಬ್ಬಿಣದ ತುಂಡೊಂದಿತ್ತು. ಗಜದುದ್ದ, ವರ್ಷದ ಮಗುವಿನಷ್ಟು ಭಾರ. ಹಬ್ಬಕ್ಕೆ ತವರಿಗೆ ಹೊರಟವಳು ಹೂವು ಹಣ್ಣು ಬಿಟ್ಟು ಇದನ್ನು ಹೊರುವುದು ಎಂಥ ಗ್ರಹಚಾರವಪ್ಪಾ ಅಂತ ನನಗೇ ನಗು ಬಂತು. ಶಹಾಡಿಗೆ ಠಾಣೆಯಲ್ಲಿ ಗಾಡಿ ಬದಲಿಸಿ ಹೋಗಬೇಕು. ಸುಮಾರು ನಲವತ್ತು ಕಿಲೋಮೀಟರು, ಹದಿನೈದು ರೂಪಾಯಿ ಟಿಕೇಟು. ಅಕ್ಟೋಬರಿನ ಸೆಖೆಗೆ ರವಿಕೆ ಆಗಲೇ ಬೆನ್ನಿಗೆ ಅಂಟಿತ್ತು.

ಆ ತುಂಡು ಏನೆಂದು ಮೊದಲೇ ಹೇಳಿಬಿಡುತ್ತೇನೆ. ನನ್ನಣ್ಣ ಹೋಟೆಲ್ ಕೆಲಸ ಬಿಟ್ಟವನೇ ಸೈನ್ಯದವರು ಹರಾಜು ಹಾಕಿದ ಹಳೆಯ ಬ್ಯಾಕ್‌ಹೋ ಲೋಡರ್ ಒಂದನ್ನು ತಂದು ಶಹಾಡಿನ ಮನೆಯ ಅಂಗಳದಲ್ಲಿ ನಿಲ್ಲಿಸಿಕೊಂಡಿದ್ದಾನೆ. ಮುಂದೆ ಬಕೆಟ್, ಹಿಂದೆ ಮಣ್ಣು ತೋಡುವ ಉದ್ದ ಕೈ, ಮೈಯೆಲ್ಲ ಮಿಲಿಟರಿ ಹಸಿರು. ಅವನೇ ಬಿಚ್ಚುತ್ತಾನೆ, ಅವನೇ ಜೋಡಿಸುತ್ತಾನೆ. ಬಕೆಟ್ಟನ್ನು ಪೂರ್ತಿ ಮೇಲೆತ್ತಿದಾಗ ಅದು ಕುಸಿಯದಂತೆ ಅದನ್ನೆತ್ತುವ ಜಾಕಿನ ದಂಡಕ್ಕೆ ತೊಡಿಸುವ ಆಸರೆಯೇ ನನ್ನ ಹೆಗಲ ಮೇಲಿದ್ದದ್ದು. ಅಣ್ಣ ಅದಕ್ಕೆ ಊರುಗೋಲು ಅನ್ನುತ್ತಾನೆ. ಹರಾಜಿನಲ್ಲಿ ಸೊಟ್ಟಗಾಗಿ ಬಂದಿದ್ದನ್ನು ನಮ್ಮ ಮನೆ ಹತ್ತಿರದ ತುರ್ಭೆಯ ವರ್ಕ್‌ಶಾಪಿನಲ್ಲಿ ನೆಟ್ಟಗೆ ಮಾಡಿಸಿ ಇಟ್ಟುಕೊಂಡಿದ್ದೆ. "ಊರುಗೋಲಿಲ್ಲದೆ ಬಕೆಟ್ ಕೆಳಗೆ ತಲೆ ಹಾಕಿದವ ಮನುಷ್ಯನೇ ಅಲ್ಲ" ಎನ್ನುವುದು ಅವನದೇ ಮಾತು.

ಠಾಣೆಯಲ್ಲಿ ಇಳಿದಾಗ ರೈಲ್ವೆ ಪೊಲೀಸಿನವನೊಬ್ಬ ತಡೆದ. "ಯೇ ಕ್ಯಾ ಹೈ?" ಎಂದು ಲಾಠಿಯಿಂದ ತಟ್ಟಿದ. "ಪೂಜಾ ಕಾ ಸಾಮಾನ್" ಎಂದೆ. ಬಿಚ್ಚಿ ನೋಡಿ, ನಕ್ಕು, ಹೋಗಿ ಎಂದು ಕೈಮಾಡಿದ. ಅಷ್ಟರಲ್ಲಿ ಅಣ್ಣನಿಂದ ಮೊಬೈಲಿಗೊಂದು ಫೋಟೋ ಬಂತು. ಬಕೆಟ್ ಆಕಾಶಕ್ಕೆ ಎತ್ತಿ ನಿಂತಿದೆ, ಅದರಿಂದ ಚೆಂಡುಹೂವಿನ ಮಾಲೆ ಇಳಿಬಿದ್ದಿದೆ, ಸರಿಯಾಗಿ ಅದರ ಕೆಳಗೆ ಅಮ್ಮ ಮಣೆ ಹಾಕಿ ಕೂತು ರಂಗೋಲಿ ಬಿಡಿಸುತ್ತಿದ್ದಾಳೆ. ಕೂಡಲೇ ಫೋನ್ ಮಾಡಿದೆ.

"ಅಣ್ಣ, ಅಮ್ಮನನ್ನು ಅಲ್ಲಿಂದ ಎಬ್ಬಿಸು. ಊರುಗೋಲು ನನ್ನ ಹತ್ರ ಉಂಟು!"

"ಎಂತ ಮಾರಾಯ್ತಿ, ಹಬ್ಬದ ದಿನ ಅಪಶಕುನದ ಮಾತು! ಇವತ್ತು ಕೆಲಸ ಎಲ್ಲುಂಟು? ಪೂಜೆ ಅಲ್ವಾ. ದೇವರು ನಿಂತ ಹಾಗೆ ನಿಂತಿದೆ ನೋಡು."

"ಬಕೆಟ್ಟನ್ನು ಎತ್ತಿ ಹಿಡಿಯುವ ಎಣ್ಣೆ ಪೈಪು ಒಸರ್ತಿತ್ತಲ್ಲ?"

"ಸೈಕಲ್ ಟ್ಯೂಬ್ ಸುತ್ತಿದ್ದೇನೆ. ಮಿಲಿಟರಿ ಮಾಲು, ಅಷ್ಟು ಸುಲಭಕ್ಕೆ ಬೀಳ್ತದಾ? ಫೋನಿಡು, ಇದಕ್ಕೂ ಕುಂಕುಮ ಹಚ್ಚಬೇಕು."

ನಮ್ಮ ಮನೆಯಲ್ಲಿ ಸ್ಪ್ಯಾನರು, ಸುತ್ತಿಗೆ, ಅಮ್ಮನ ಹೊಲಿಗೆ ಯಂತ್ರ, ಈಗ ಮೊಬೈಲು, ಎಲ್ಲವನ್ನೂ ಸಾಲಾಗಿಟ್ಟು ಪೂಜೆ ಮಾಡುತ್ತಾರೆ. ಹೂವು ಏರಿಸಿದ ಮೇಲೆ ಮಂಗಳಾರತಿ ಆಗುವವರೆಗೆ ಯಾರೂ ಯಾವುದನ್ನೂ ಮುಟ್ಟುವಂತಿಲ್ಲ. ಅಂದರೆ ಬಕೆಟ್ ಇಳಿಸುವ ಲಿವರನ್ನೂ ಮುಟ್ಟುವುದಿಲ್ಲ, ಫೋನೂ ಎತ್ತುವುದಿಲ್ಲ. ಆಮೇಲೆ ನಾನು ಮಾಡಿದ ಫೋನೆಲ್ಲ ಸುಮ್ಮನೆ ರಿಂಗಾಗಿ ನಿಂತವು.

ಟಿಟ್ವಾಲಾ ಲೋಕಲ್ಲಿನ ಹೆಂಗಸರ ಡಬ್ಬಿಗೂ ಹಬ್ಬ ಬಂದಿತ್ತು. ಬಾಗಿಲಿಗೆ ತೋರಣ, ಕಿಟಕಿಗೆ ಹೂವು, ಎಲ್ಲರೂ ಹೊಸ ಸೀರೆ. "ಘೇ ಗಂ, ಪ್ರಸಾದ್ ಆಹೇ" ಎನ್ನುತ್ತ ಎಲ್ಲರೂ ಮಾವಶಿ ಅನ್ನುವ ವಯಸ್ಸಾದ ಮರಾಠಿ ಹೆಂಗಸೊಬ್ಬಳು ಕೈಗೆ ಬಿಸಿ ಶಿರಾ ಹಾಕಿದಳು. ತುಪ್ಪದ ಘಮ ಬಂತು, ನಾನು ಮಾತ್ರ ಅದನ್ನು ಕೈಯಲ್ಲೇ ಹಿಡಿದು ಮತ್ತೆ ಅಣ್ಣನಿಗೆ ಫೋನ್ ಮಾಡಿದೆ. ಮುಂಬ್ರಾದ ಗುಡ್ಡ ಬಂತು, ಹೋಯಿತು. ದಿವಾ ದಾಟಿದ ಮೇಲೆ ಗಾಡಿ ಸಿಗ್ನಲ್ಲಿಗೆ ನಿಂತೇಬಿಟ್ಟಿತು. ದೇವರೇ, ನಿಲ್ಲಿಸಲಿಕ್ಕೆ ಇವತ್ತೇ ಸಿಕ್ಕಿತಾ ನಿನಗೆ? ಮಾವಶಿ ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು. ಹೇಳಲು ಹೋದೆ, ಅಳು ಬಂತು. ಅವಳು ನನ್ನ ಕಬ್ಬಿಣವನ್ನು ಅರ್ಧ ತನ್ನ ತೊಡೆಗೆ ಎಳೆದುಕೊಂಡಳು. ಡೊಂಬಿವಲಿಯಲ್ಲಿ ಜನ ನುಗ್ಗಿದರು, ಕಲ್ಯಾಣದಲ್ಲಿ ಇಳಿದರು.

ಶಹಾಡಿನಲ್ಲಿ ಶೇರ್ ಆಟೋದವ ಸೀಟು ತುಂಬದೆ ಹೊರಡಲ್ಲ ಎಂದ. "ಎಲ್ಲ ಸೀಟೂ ನಂದೇ, ಹೊರಡಪ್ಪ" ಎಂದು ಕೂಗಿದೆ.

ಅಂಗಳಕ್ಕೆ ಓಡಿದವಳ ಕಣ್ಣಿಗೆ ಮೊದಲು ಬಿದ್ದದ್ದು ಮಾಲೆ. ಫೋಟೋದಲ್ಲಿ ಅಮ್ಮನ ತಲೆಯಿಂದ ಎಷ್ಟೋ ಮೇಲಿತ್ತು. ಈಗ ಅದರ ತುದಿ ಅವಳ ಮುಡಿಗೆ ತಾಗುತ್ತಿತ್ತು. ಹೊತ್ತೇರಿದ ಹಾಗೆ ಬಕೆಟ್ ಸದ್ದಿಲ್ಲದೆ ಇಳಿಯುತ್ತಲೇ ಇತ್ತು, ಯಾರಿಗೂ ಗೊತ್ತಾಗಿರಲಿಲ್ಲ.

"ಅಣ್ಣಾ!" ಎಂದೆ. ನನ್ನ ಬಾಯಿ ಮುಚ್ಚಿಸಲೆಂದೇ ಅವನು ಊರುಗೋಲನ್ನು ಕಿತ್ತುಕೊಂಡು ಜಾಕಿನ ದಂಡಕ್ಕೆ ಹಿಡಿದ. ಅದು ಕೂರಲಿಲ್ಲ. ಬಕೆಟ್ ಇಳಿದು ದಂಡ ಒಳಕ್ಕೆ ಹೋಗಿತ್ತು, ಹೊರಗುಳಿದಷ್ಟಕ್ಕೆ ಊರುಗೋಲು ಉದ್ದವಾಗಿತ್ತು. ಅಣ್ಣ ಅಮ್ಮನ ಕಡೆ ತಿರುಗಿದ. "ಅಮ್ಮಾ, ಏಳು" ಎಂದ.

"ಎರಡೆಳೆ ಬಾಕಿ ಉಂಟು, ತಡಿ. ಪೂಜೆಗೆ ಕೂತವರು ನಡುವೆ ಏಳ್ತಾರಾ?"

ಎಳೆಯಲು ಹೋದರೆ ಕೊಸರಿಕೊಂಡು ಅಲ್ಲೇ ಕೂರುವ ಜಾತಿ ಅವಳದ್ದು. ನನಗೆ ಎಲ್ಲಿಂದ ಹೊಳೆಯಿತೋ, "ಅಮ್ಮಾ, ಒಲೆ ಮೇಲೆ ಪಾಯಸ ಸೀಯ್ತಾ ಉಂಟು!" ಎಂದು ಕಿರುಚಿದೆ.

"ಅಯ್ಯೋ!" ಅಮ್ಮ ಸೆರಗು ಸಿಕ್ಕಿಸಿ ಒಳಗೋಡಿದಳು. ಅಣ್ಣ ಹಿಂದೆ ಸರಿದ. ಟ್ಯೂಬ್ ಸುತ್ತಿದ ಕಡೆಯಿಂದ ಫಟ್ಟೆಂದಿತು, ಬಿಸಿಲಿಗೆ ಎಣ್ಣೆ ಚಿಮ್ಮಿತು, ಬಕೆಟ್ ಒಂದೇ ಏಟಿಗೆ ನೆಲಕ್ಕೆ ಬಿತ್ತು. ಕಾಲಡಿಯ ನೆಲ ಅದುರಿತು.

"ಒಲೆಯೇ ಹಚ್ಚಿಲ್ಲ, ಹಬ್ಬದ ದಿನ ಎಂಥ ಸುಳ್ಳು ನಿಂದು..." ಎಂದು ಬೈಯುತ್ತ ಬಂದ ಅಮ್ಮ ಬಾಗಿಲಲ್ಲೇ ನಿಂತಳು. ಬಕೆಟ್ಟಿನ ಹಲ್ಲುಗಳ ನಡುವೆ ಅವಳ ಮಣೆ ಎರಡು ಹೋಳಾಗಿತ್ತು. ಅವಳ ಬೆರಳ ತುದಿಯಲ್ಲಿ ರಂಗೋಲಿ ಪುಡಿ ಇನ್ನೂ ಹಾಗೇ ಇತ್ತು.

ಸಂಜೆ ಅಣ್ಣ ಸ್ಟೇಷನ್ನಿಗೆ ಬಿಡಲು ಬಂದ. ಠಾಣೆ ಕಡೆಯ ಗಾಡಿ ಬಂದಾಗ ನನ್ನ ಮಣಿಕಟ್ಟು ಹಿಡಿದುಕೊಂಡು, "ಇದು ಬಿಡು, ಮುಂದಿನದ್ದಕ್ಕೆ ಹೋಗು" ಎಂದ. ಬಿಟ್ಟೆ. ಮುಂದಿನದ್ದೂ ಬಂತು. ಅದು ಹೊರಟು ಪ್ಲಾಟ್‌ಫಾರಂ ಖಾಲಿಯಾದರೂ ಅವನ ಕೈ ಸಡಿಲಾಗಲಿಲ್ಲ.