ಕೂಸು ಅತ್ತಿತ್ತೇನ್ರಿ?

ಇಳಕಲ್ಲಿನ ಓಣಿಗಳಲ್ಲಿ ಸುರೇಖಾಳ ಸ್ಕೂಟಿ ಬಂತೆಂದರೆ ಬಸುರಿಯರು ಎದ್ದು ಒಳಗೆ ಹೋಗುತ್ತಾರೆ. ಸಿಟ್ಟಿನಿಂದಲ್ಲ, ಅಂಜಿಕೆಯಿಂದ. ಅವಳು ಕೆಟ್ಟವಳೆಂದು ಯಾರೂ ಅನ್ನುವುದಿಲ್ಲ. 'ಪಾಪ, ಛಲೋ ಹೆಣ್ಮಗಳು' ಎಂದೇ ಅನ್ನುತ್ತಾರೆ, ಅನ್ನುತ್ತಲೇ ಬಾಗಿಲು ಮುಂದೆಳೆದುಕೊಳ್ಳುತ್ತಾರೆ. ಓಣಿಯವರು ಅವಳಿಗೆ ಇಟ್ಟ ಹೆಸರು 'ಸತ್ತ ಮನಿ ಮೇಡಂ'.

ಹೆಸರಿನಲ್ಲಿ ಸುಳ್ಳೇನೂ ಇಲ್ಲ. ಬಾಗಲಕೋಟೆಯಲ್ಲಿ ಕಚೇರಿ ಇರುವ, ತಾಯಿ-ಮಕ್ಕಳ ಆರೋಗ್ಯದ ಸಂಶೋಧನಾ ತಂಡವೊಂದರಲ್ಲಿ ಅವಳ ಕೆಲಸವೇ ಅದು. ಇಳಕಲ್, ಹುನಗುಂದ ಸೀಮೆಯಲ್ಲಿ ಹೆರಿಗೆಯ ಹೊತ್ತಿಗೆ ಕೂಸು ತೀರಿಕೊಂಡರೆ, ಮನೆಯವರ ದುಃಖ ತುಸು ಆರಿದ ಮೇಲೆ ಅಲ್ಲಿಗೆ ಹೋಗಿ, ಏನಾಯಿತು, ಹೇಗಾಯಿತು ಎಂದು ಕೇಳಿ ಬರಬೇಕು. ಈ ಕೂಸು ಯಾಕೆ ಹೋಯಿತೆಂದು ತಿಳಿದರೆ ಮುಂದಿನ ಕೂಸು ಉಳಿದೀತು ಎಂಬುದು ತಂಡದ ನಂಬಿಕೆ. ಸುರೇಖಾಳಿಗೂ ಆ ನಂಬಿಕೆ ಇದೆ. ಆದರೆ ಮಡಿಲು ಬರಿದಾದವಳ ಎದುರು ಕೂತಾಗ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವಳಿಗೆ ಈವರೆಗೆ ಬಂದಿಲ್ಲ.

ಅದೇ ತಂಡದಲ್ಲಿ ಸಂಗಯ್ಯ ಇದ್ದಾನೆ. ಬದುಕಿದ ಕೂಸುಗಳ ತೂಕ ನೋಡುವುದು ಅವನ ಕೆಲಸ. ಹೋದಲ್ಲೆಲ್ಲ ಪೇಢೆ, ಸಕ್ಕರೆ, ಚಹಾ. ಕೂಸುಗಳ ತೂಕಕ್ಕಿಂತ ಅವನ ತೂಕವೇ ಲಗುಬಗೆಯಿಂದ ಏರಿತು. 'ಅಕ್ಕಾ, ಇಬ್ರೂ ಕೆಲಸ ಬದ್ಲಿ ಮಾಡ್ಕೊಳ್ಳೂಣೇನು?' ಎಂದು ಒಮ್ಮೆ ಚೇಷ್ಟೆ ಮಾಡಿದ.

'ಮೊದ್ಲ ಒಂದ ವಾರ ನನ್ನ ಸಂಗಾಟ ಬಾ, ಆಮ್ಯಾಲ ಮಾತಾಡೂಣು' ಎಂದಳು ಸುರೇಖಾ.

ಒಂದೇ ಮನೆಗೆ ಬಂದ. ಆ ಸುದ್ದಿ ಮತ್ತೆ ಎತ್ತಲಿಲ್ಲ.

ಸುರೇಖಾಳ ಗಂಡ ಕಲ್ಲೇಶ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿಯುತ್ತಾನೆ. ಒಳ್ಳೆಯವನು. ಆದರೂ ಬಾದಾಮಿಯಲ್ಲಿ ಅವನ ತಂಗಿ ಮಹೇಶ್ವರಿಯ ಕುಬಸ ಬಂದಾಗ, 'ನೀ ಇನ್ನೊಂದ ದಿನ ಹೋಗಿ ಮಾತಾಡ್ಸಿ ಬಾ' ಎಂದು ತಲೆ ಕೆಳಗೆ ಹಾಕಿ ಹೇಳಿದ. ಬಸುರಿಗೆ ಉಡಿ ತುಂಬುವ ದಿನ ಸತ್ತ ಮನೆ ತಿರುಗುವ ಕೈ ಬೇಡವೆಂದು ಅವನವ್ವ ಅಂದಿದ್ದಳು. ಸುರೇಖಾ ಜಗಳ ತೆಗೆಯಲಿಲ್ಲ. ಹಸಿರು ಬಳೆ ಕೊಂಡು ಗಂಡನ ಕೈಯಲ್ಲಿ ಕಳಿಸಿದಳು. ಅವನು ಹೋದ ಮೇಲೆ ಬಚ್ಚಲಲ್ಲಿ ನಳ ಬಿಟ್ಟುಕೊಂಡು ಅತ್ತಳು.

ಸುರೇಖಾಳ ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ನೇಮವಿದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳಬಾರದು, ಅವರು ಅದೇ ಮನೆಯವರಾದರೂ ಸರಿ. ಹಾಗೆಂದು ಮೊದಲೇ ಮಾತು ಕೊಟ್ಟರೆ ಮಾತ್ರ ಜನ ಬಾಯಿ ಬಿಡುತ್ತಾರೆ. ಇದರಲ್ಲೇನು ಕಷ್ಟ ಎಂದುಕೊಂಡಿದ್ದಳು ಸುರೇಖಾ, ಲಾಡಬಿಯ ಮನೆಗೆ ಹೋಗುವವರೆಗೆ.

ಲಾಡಬಿಯ ಸೊಸೆ ಮುಬಶೀರಾಳಿಗೆ ತವರಿನಲ್ಲಿ ತಾಯಿ ಇಲ್ಲ. ಹಾಗಾಗಿ ಚೊಚ್ಚಲ ಬಾಣಂತನವನ್ನೂ ಅತ್ತೆಯೇ ಮೈಮೇಲೆ ಹಾಕಿಕೊಂಡಿದ್ದಳು. ದಿನ ತುಂಬುವ ಮೊದಲೇ ನೋವು ಬಂತು, ರಕ್ತ ಹೋಯಿತು. ಇಳಕಲ್ಲಿನ ದವಾಖಾನೆಯಲ್ಲಿ, ಬಾಗಲಕೋಟೆಗೇ ಒಯ್ಯಿರಿ ಎಂದರು. ಕ್ರೂಸರ್ ಗಾಡಿಯ ಹಿಂದಿನ ಸೀಟಿನಲ್ಲಿ ಅತ್ತೆ-ಸೊಸೆ, ಮಗ ಶಕೀಲ ಬೈಕಿನ ಮೇಲೆ ಹಿಂದೆ. ಹುನಗುಂದ ದಾಟಿದ ಮೇಲೆ, ಓಡುವ ಗಾಡಿಯಲ್ಲೇ ಹೆರಿಗೆಯಾಯಿತು. ಗಂಡು ಕೂಸು. ದವಾಖಾನೆ ಮುಟ್ಟುವಷ್ಟರಲ್ಲಿ ಜೀವ ಇರಲಿಲ್ಲ. ಮುಬಶೀರಾ ಉಳಿದಳು.

ನಲವತ್ತು ದಿನ ಕಳೆಯಲೆಂದು ಕಾದು ಸುರೇಖಾ ಹೋದಳು. ಲಾಡಬಿ ಕುರ್ಚಿ ಹಾಕಿ ನೀರು ಕೊಟ್ಟಳು. ಸೊಸೆ ಹಿತ್ತಲಲ್ಲಿ ಅರಿವೆ ಒಗೆಯುತ್ತಿದ್ದಳು. ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಸುರೇಖಾ ಒಂದೊಂದೇ ಕೇಳುತ್ತ ಬಂದಳು.

'ಹುಟ್ಟಿದ ಮ್ಯಾಲೆ ಕೂಸು ಅತ್ತಿತ್ತೇನ್ರಿ ಅಮ್ಮಾ?'

ತಂಡದ ಮಟ್ಟಿಗೆ ಇದು ದೊಡ್ಡ ಪ್ರಶ್ನೆ. ಹೊಟ್ಟೆಯಲ್ಲೇ ತೀರಿದ ಕೂಸಿನ ಕಾರಣ ಬೇರೆ, ಹುಟ್ಟಿ ಅತ್ತು ಆಮೇಲೆ ಹೋದ ಕೂಸಿನ ಕಾರಣ ಬೇರೆ.

'ಇಲ್ಲ' ಎಂದಳು ಲಾಡಬಿ. ಅಂದವಳು ಎದ್ದು ಹಿತ್ತಲ ಬಾಗಿಲು ಎಳೆದು ಬಂದು, ಸುರೇಖಾಳ ಕಾಲ ಹತ್ತಿರ ನೆಲಕ್ಕೆ ಕೂತಳು. 'ನೀವು ಮಾತ ಕೊಟ್ಟೀರಿ ಅಂತ ಹೇಳ್ತೇನಿ. ಅತ್ತಿತ್ತು. ಒಂದ ಸಲ. ಬೆಕ್ಕಿನ ಮರಿ ಒದರಿದಂಗ. ಕಣ್ಣ ತಗದು ನನ್ನ ಮಾರಿ ನೋಡ್ತು. ನನ್ನ ಸೆರಗಿನ್ಯಾಗ ಇತ್ತು, ಅಲ್ಲೇ ತಣ್ಣಗಾತು.'

ಮಣ್ಣು ಮಾಡುವ ಮೊದಲು ಮಸೀದಿಯಲ್ಲಿ ನಮಾಜು ಮಾಡಿಸುವ ಹಜ್ರತರೂ ಇದೇ ಪ್ರಶ್ನೆ ಕೇಳಿಸಿದ್ದರು. ಕೂಸು ಅತ್ತಿದ್ದರೆ ಅದಕ್ಕೆ ಹೆಸರಿಟ್ಟು, ದೊಡ್ಡವರಿಗೆ ಮಾಡುವಂತೆ ನಮಾಜು ಮಾಡಿ ಕಳಿಸಬೇಕು. ಅಳದೆ ಹುಟ್ಟಿದ್ದಾದರೆ ಬಿಳಿ ಅರಿವೆಯಲ್ಲಿ ಸುತ್ತಿ ಇಟ್ಟು ಬರುವುದು ಅವರ ಮನೆತನದ ರೂಢಿ. ಲಾಡಬಿ ಮಗನಿಗೆ ಇಲ್ಲವೆಂದಿದ್ದಳು. ಶಕೀಲ ಹೆಸರಿಲ್ಲದ ಕೂಸನ್ನು ಖಬರಸ್ತಾನದ ಮೂಲೆಯಲ್ಲಿ ಇಟ್ಟು ಬಂದ.

'ಯಾಕ್ರಿ ಹಂಗ ಅಂದ್ರಿ?' ಎಂದಳು ಸುರೇಖಾ.

'ನಂದೂ ಒಂದ ಹೋಗೇತಿ, ಶಕೀಲಕಿಂತ ಮೊದ್ಲ. ಹೆಸರ ಇಟ್ಟಿದ್ವಿ, ನಮಾಜ್ ಆತು, ಎಲ್ಲಾ ಆತು. ಹೆಸರ ಇಟ್ಟ ಕೂಸು ಮನಿ ಬಿಟ್ಟ ಹೋಗೂದುಲ್ಲ ಮಗಳ. ರೊಟ್ಟಿ ಬಡೀವಾಗ ಇನ್ನೂ ಕರೀತೇನಿ ಅದನ್ನ, ಒಳಗೊಳಗ. ತಾಯಿಲ್ದ ಹುಡಿಗಿ ಇದು. ಇದಕ್ಕ ಆ ಸಂಕಟ ಬ್ಯಾಡ ಅಂತ ಸುಳ್ಳ ಹೇಳ್ದೆ. ಹೆಸರಿಲ್ಲದ್ದನ್ನ ಲಗೂನ ಮರೀತಾಳು.'

ಮುದುಕಿಯ ಮಾತಿನಲ್ಲಿ ಕೇಡು ಒಂದು ಕಾಳಿನಷ್ಟೂ ಇರಲಿಲ್ಲ. ಕೇಡು ಇದ್ದಿದ್ದರೆ ಸುರೇಖಾಳಿಗೆ ಹಗುರಾಗುತ್ತಿತ್ತು, ನಾಲ್ಕು ಮಾತು ಬೈದಾದರೂ ಬರಬಹುದಿತ್ತು.

ಓಣಿಯ ತಿರುವಿನಲ್ಲಿ ಮುಬಶೀರಾ ಅವಳ ಸ್ಕೂಟಿಗೆ ಅಡ್ಡ ನಿಂತಳು. ಹಿಂದಿನ ಸಂದಿಯಿಂದ ಓಡಿ ಬಂದಿದ್ದಳು, ಕೈಯಲ್ಲಿ ಸಬಕಾರದ ನೊರೆ ಹಾಗೇ ಇತ್ತು.

'ಅಕ್ಕಾರ, ನಾ ಕೇಳೀನ್ರಿ. ಗಾಡ್ಯಾಗ, ಒಂದ ಸಲ ಅತ್ತಿದ್ದು. ಎಲ್ಲಾರೂ ಅದು ಬ್ರೇಕಿನ ಸಪ್ಪಳ ಅಂತಾರ. ನಿಮ್ಮ ಮುಂದ ನಮ್ಮ ಅತ್ತಿ ಏನ ಹೇಳಿದ್ರು?'

'ಅದನ್ನ ಹೇಳಾಕ ಬರೂದುಲ್ಲ ತಂಗಿ.'

'ಬಸುರಿದ್ದಾಗನ ಒಂದ ಹೆಸರ ಇಟ್ಟಿದ್ದೆ ಮನಸಿನ್ಯಾಗ. ಅತ್ತಿದ್ರ ಆ ಹೆಸರು ಅದರದು. ಅದರ ಅಪ್ಪಗ ಹೇಳಿ ಕಬರಿನ ಮುಂದ ದುವಾನಾದ್ರೂ ಮಾಡಸ್ತೇನಿ. ಅತ್ತಿಲ್ಲಂದ್ರ ನಾ ಕರಿಯೂದು ಯಾರನ್ನ ಅಕ್ಕಾರ? ಬಾಯಿಲೆ ಹೇಳಬ್ಯಾಡ್ರಿ. ಹೌದೋ ಅಲ್ಲೋ, ತಲಿ ಆಡಸ್ರಿ ಸಾಕು.'

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಸುರೇಖಾ ಕತ್ತು ಸೆಟೆಸಿಕೊಂಡು ನಿಂತಳು. ತಲೆ ಅಲ್ಲಾಡಿದರೂ ಹೇಳಿದಂತೆಯೇ. 'ನೀ ಕೇಳಿದ್ದು ನೀ ಹೇಳು, ಅದನ್ನೂ ಬರಕೋತೇನಿ' ಎಂದಳು. ಹುಡುಗಿ ಹೇಳಿದ್ದನ್ನೇ ಹೇಳಿದಳು, ಇವಳು ಬರೆದುಕೊಂಡಳು. ಇದಕ್ಕಿಂತ ಬಡ ಸಾಂತ್ವನ ಯಾವ ತಾಯಿಗೂ ಸಿಕ್ಕಿರಲಿಕ್ಕಿಲ್ಲ.

ಅಂದೇ ಬಾಗಲಕೋಟೆಯ ಡಾಕ್ಟರ್ ಪ್ರೇಮಕುಮಾರರಿಗೆ ಫೋನು ಮಾಡಿದಳು. ತಂಡದ ಹಿರಿಯರು ಅವರು. ಎಲ್ಲವನ್ನೂ ಕೇಳಿಸಿಕೊಂಡರು.

'ಹೇಳಬ್ಯಾಡ್ರಿ ಸುರೇಖಾ. ಇವತ್ತ ಒಬ್ಬಾಕಿಗೆ ಸಮಾಧಾನ ಆದೀತು. ನಾಳೆ ಯಾವ ಮನಿಯವರೂ ನಮ್ಮ ಮುಂದ ಖರೆ ಹೇಳಂಗಿಲ್ಲ. ಆ ಮುದುಕಿನೂ ನಿಮ್ಮ ಮಾತ ನಂಬಿ ಹೇಳ್ಯಾಳ.'

'ಸರ್, ಆ ಹುಡಿಗಿ ಮಾರಿ ನೀವು ನೋಡಿಲ್ಲ.'

'ನೋಡಿದ್ರ ನನಗೂ ತಡಕೊಳ್ಳಾಕ ಆಗ್ತಿದ್ದಿಲ್ಲ' ಎಂದರು ಅವರು.

ಫ್ಯಾನಿನ ಗಾಳಿಯಲ್ಲಿ ಕೂತವರ ಮಾತು ಎಂದು ಬೈಯೋಣವೆಂದರೆ ಅದೂ ಸಾಧ್ಯವಾಗಲಿಲ್ಲ, ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಸರಿಯಾದ ಮಾತಿನ ಮೇಲೆ ಅವಳಿಗೆ ಅಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

ಉಳಿದದ್ದು ಒಂದೇ ದಾರಿ, ಲಾಡಬಿಯ ಬಾಯಿಂದಲೇ ಹೇಳಿಸುವುದು. ಹೋಗಿ ಕೈ ಹಿಡಿದು ಬೇಡಿಕೊಂಡಳು. 'ಅಮ್ಮಾ, ಮರೀತಾಳ ಅಂತ ನೀವಂದ್ರಿ. ಆಕಿ ಮರೀವಲ್ಲಳು. ನೀವ ಹೇಳಿಬಿಡ್ರಿ.'

ಮುದುಕಿ ಕೈ ಬಿಡಿಸಿಕೊಂಡಳು. 'ಅವತ್ತ ಹೇಳಿದ್ರ ಆಗ್ತಿತ್ತು. ಇವತ್ತ ಹೇಳಿದ್ರ, ನಮಾಜಿಲ್ದ ಮೊಮ್ಮಗನ್ನ ಮಣ್ಣಿಗಿಡಸ್ದಾಕಿ ಆಗ್ತೇನಿ. ನನ್ನ ಮಗ ನನ್ನ ಕೈಯಾನ ನೀರ ಕುಡದಾನೇನು? ಅಲ್ಲಾನ ಮುಂದ ಹೇಳ್ಕೋತೇನಿ. ಇವರ ಮುಂದ ಆಗೂದುಲ್ಲ ಮಗಳ.'

ಸುರೇಖಾ ಎದ್ದು ಬಂದಳು. ಆಮೇಲೆ ಬಾಗಲಕೋಟೆಯಲ್ಲಿ ಇಬ್ಬರು ಡಾಕ್ಟರರು ಅವಳು ಬರೆದುಕೊಟ್ಟದ್ದನ್ನು ಬೇರೆ ಬೇರೆಯಾಗಿ ಓದಿ ಒಂದೇ ಮಾತು ಹೇಳಿದರು: ಕೂಸು ಜೀವಂತ ಹುಟ್ಟಿತ್ತು. ಎಂಥ ವಿಚಿತ್ರ ನೋಡಿ. ಮುಖ ನೋಡದವರೆಲ್ಲ ಸೇರಿ ಆ ಕೂಸು ಬದುಕಿತ್ತೆಂದು ಒಪ್ಪಿದರು. ಹೆತ್ತವಳಿಗೆ ಮಾತ್ರ ಒಪ್ಪುವ ಹಕ್ಕು ಸಿಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ, ಇಳಕಲ್ಲಿನ ಸಂತೆಯಲ್ಲಿ ಮುಬಶೀರಾ ಎದುರಾದಳು. ಸುರೇಖಾ ಮೆಂತ್ಯ ಸೊಪ್ಪಿನ ರಾಶಿಯ ಹಿಂದೆ ಮರೆಯಾಗಲು ನೋಡಿದಳು. ಆದರೆ ಹುಡುಗಿ ತಾನೇ ನಗುತ್ತ ಹತ್ತಿರ ಬಂದಳು. ಮೈ ಕೈ ತುಂಬಿಕೊಂಡಿದ್ದಳು.

'ಅಕ್ಕಾರ, ಅವತ್ತ ಭಾಳ ತ್ರಾಸ ಕೊಟ್ಟೆ ನಿಮಗ. ಮನಸಿಗೆ ಹಚ್ಕೋಬ್ಯಾಡ್ರಿ. ಅತ್ತಿ ಹೇಳೂದ ಖರೆ. ಶಾಣ್ಯಾರದಾರ ಅವರು. ಅದು ಬ್ರೇಕಿನ ಸಪ್ಪಳಾನ. ನೋವಿನ್ಯಾಗ ನನ್ನ ಕಿವಿ ಕೆಟ್ಟಿದ್ವು. ಆ ಹೆಸರ ಬಿಟ್ಟಬಿಟ್ಟೀನ್ರಿ, ಈಗ ಕರಿಯೂದುಲ್ಲ.' ಹೇಳುತ್ತ ಸುರೇಖಾಳ ಮುಖವನ್ನೇ ನೋಡಿದಳು. 'ಹೌದಲ್ರಿ?'

ಸುತ್ತ ಸಂತೆ ಒದರುತ್ತಿತ್ತು. ಒಂದು 'ಉಹುಂ' ಸಾಕಿತ್ತು. ಸುರೇಖಾ ಹುಡುಗಿಯ ಭುಜದ ಮೇಲೆ ಕೈ ಇಟ್ಟಳು, ಅಷ್ಟೇ.

ಮುಬಶೀರಾ ದೊಡ್ಡದಾಗಿ ಉಸಿರು ಬಿಟ್ಟಳು. 'ನೀವೂ ಹಂಗ ಅಂದ್ರಲ್ಲ, ಸಾಕ್ರಿ. ಇವತ್ತ ನಿದ್ದಿ ಬರ್ತೈತಿ' ಎಂದು ಚೀಲ ಎತ್ತಿಕೊಂಡು ಮನೆಯ ದಾರಿ ಹಿಡಿದಳು.

ಸುರೇಖಾ ಏನೂ ಅಂದಿರಲಿಲ್ಲ.