'ಕಾರಣ' ಕಾಲಂ ಓದುವ ಬ್ರೇಕ್ ಅಕ್ಕ

ಬೆಳಗಿನ ಆರೂವರೆ. ನಾಲ್ಕನೇ ಮಹಡಿಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಕುಳಿತ ಐವತ್ತಾರರ ಹೆಂಗಸೊಬ್ಬರು ಕನ್ನಡಕ ಒರೆಸಿಕೊಂಡು ಹಳದಿ ಚೀಟಿಯೊಂದನ್ನು ಮೂರನೇ ಸಲ ಓದುತ್ತಿದ್ದಾರೆ. ಯಾವ ಕಂಪನಿ, ಎಷ್ಟು ಷೇರು ಕೊಳ್ಳಬೇಕು, ಎಲ್ಲ ಇದೆ. 'ಕಾರಣ' ಎಂಬ ಕಾಲಂನಲ್ಲಿ ಮಾತ್ರ ಒಂದೇ ಪದ: 'ಬರುತ್ತೆ'.

"ಅಯ್ಯೋ ದೇವರೇ, ಮತ್ತೆ ಇದೇ ಪದ!" ಎನ್ನುತ್ತಾರೆ. ಒಂಬತ್ತೂಕಾಲಿಗೆ ಮಾರುಕಟ್ಟೆ ತೆರೆಯುತ್ತದೆ. ಅಷ್ಟರೊಳಗೆ ಈಕೆ ಸಹಿ ಹಾಕಬೇಕು, ಇಲ್ಲವೇ ತಡೆಯಬೇಕು.

ಇದು ಸಾವಿರಾರು ಜನರ ಉಳಿತಾಯ ಕೂಡಿಸಿ ಷೇರು ಕೊಳ್ಳುವ ಮ್ಯೂಚುವಲ್ ಫಂಡ್ ಕಂಪನಿ. ಇಲ್ಲಿನ ಮ್ಯಾನೇಜರುಗಳು ಕೈಕಟ್ಟಿ ನಿಂತ ಫೋಟೊ ನೀವು ಪತ್ರಿಕೆಯಲ್ಲಿ ಬೇಕಾದಷ್ಟು ನೋಡಿದ್ದೀರಿ. ಈಕೆಯದು ನೋಡಿಲ್ಲ, ಇವತ್ತೂ ನೋಡುವುದಿಲ್ಲ. ಕ್ಯಾಮೆರಾ ತೆಗೆದಿದ್ದಕ್ಕೆ ನನ್ನನ್ನು ಗದರಿದ್ದಾರೆ. ಅಪಾಯ ತಡೆಯುವ ವಿಭಾಗದ ಗುಮಾಸ್ತೆ ಇವರು. ಕಚೇರಿಯಲ್ಲಿ 'ಬ್ರೇಕ್ ಅಕ್ಕ' ಎಂದೇ ಹೆಸರು. ಎದುರಿಗೆ ಅಕ್ಕ, ಬೆನ್ನ ಹಿಂದೆ ಬರೀ ಬ್ರೇಕ್.

ಹನ್ನೊಂದು ಮಂದಿ ಮ್ಯಾನೇಜರುಗಳು, ದಿನಕ್ಕೆ ಸುಮಾರು ಅರವತ್ತು ಚೀಟಿ, ಇಪ್ಪತ್ತೆರಡು ವರ್ಷದ ನೌಕರಿ. ತಿಂಗಳಿಗೆ ಎರಡು ಚೀಟಿ ತಡೆದರೆ ಹೆಚ್ಚು. "ಬೆಲೆ ನೋಡೋಕೆ ಕಂಪ್ಯೂಟರ್ ಇದೆ. ನಾನು ಮನುಷ್ಯನ್ನ ನೋಡ್ತೀನಿ. ಲಾಭದ ಲೆಕ್ಕದಲ್ಲಿ ಮುಂದಿರೋನು ಹೆದರ್ಕೊಂಡು ಎಲ್ಲರೂ ಕೊಂಡಿದ್ದನ್ನೇ ಕೊಳ್ತಾನೆ. ಹಿಂದೆ ಬಿದ್ದೋನು ಹೋದ ಮಾನ ಒಂದೇ ಏಟಿಗೆ ವಾಪಸ್ ತರ್ತೀನಿ ಅಂತ ದೊಡ್ಡದಕ್ಕೆ ಕೈ ಹಾಕ್ತಾನೆ. ಫಂಡಲ್ಲಿ ಯಾವ್ಯಾವ ಷೇರಿದೆ ಅನ್ನೋ ಪಟ್ಟಿ ಹೊರಗೆ ಬೀಳೋ ವಾರ ನೋಡ್ಬೇಕು ನೀವು! ನೆಂಟರು ಬರ್ತಾರೆ ಅಂತ ಮುರುಕು ಕುರ್ಚಿ ಒಳಗೆ ಸೇರಿಸ್ತೀವಲ್ಲ, ಹಾಗೆ ನಷ್ಟದ ಷೇರೆಲ್ಲ ಮಾಯ. ಕಾರಣ ನಾಲ್ಕು ಸಾಲಿದ್ರೆ ಯೋಚನೆ ಮಾಡಿದಾನೆ ಅಂತ. ಒಂದೇ ಪದ ಇದ್ರೆ ಯೋಚನೆ ನಿಲ್ಲಿಸಿದಾನೆ ಅಂತ."

ಎಂಟು ವರ್ಷದ ಹಿಂದೆ ಇದೇ 'ಬರುತ್ತೆ'ಗೆ ಈಕೆ ಸಹಿ ಹಾಕಿದ್ದರು. ಬರೆದವರು ಬೇರೆ ಮ್ಯಾನೇಜರು, ಆ ಕಾಲದ ಹುಲಿ. ಅಷ್ಟು ದೊಡ್ಡವರು ಹೇಳಿದ ಮೇಲೆ ಇನ್ನೇನು ಅಂದುಕೊಂಡರಂತೆ. ಷೇರು ಮೇಲೆ ಬರಲೇ ಇಲ್ಲ. ಫಂಡಿನ ಮೂರರಲ್ಲೊಂದು ಪಾಲು ನೀರಲ್ಲಿ ಹೋಮವಾಯಿತು. ಅದರಲ್ಲಿ ಈಕೆಯ ಒಡಹುಟ್ಟಿದ ಅಕ್ಕ, ನಿವೃತ್ತ ನರ್ಸ್, ಇಟ್ಟಿದ್ದ ಉಳಿತಾಯವೂ ಇತ್ತು. ಆಕೆ ಅರವತ್ತೊಂದನೇ ವಯಸ್ಸಿನಲ್ಲಿ ಮತ್ತೆ ಯೂನಿಫಾರ್ಮ್ ಇಸ್ತ್ರಿ ಮಾಡಿಕೊಂಡು ವಾರ್ಡಿಗೆ ಹೋದರು. "ಬೈದಿದ್ರೆ ಸಮಾಧಾನ ಇರ್ತಿತ್ತು. ಬೈಲೇ ಇಲ್ಲ ಪುಣ್ಯಾತ್ಗಿತ್ತಿ," ಎನ್ನುತ್ತಾರೆ ಬ್ರೇಕ್ ಅಕ್ಕ.

ಇವತ್ತಿನ ಚೀಟಿ ಹೋದ ವರ್ಷ ದೇಶದ ಫಂಡ್ ಮ್ಯಾನೇಜರುಗಳ ಪೈಕಿ ಲಾಭದಲ್ಲಿ ಮೂರನೇ ಸ್ಥಾನದಲ್ಲಿದ್ದ ಮ್ಯಾನೇಜರದು. ಈಗ ಅವರು ಹತ್ತೊಂಬತ್ತನೆಯವರು. ವರ್ಷ ಮುಗಿಯಲು ಇಪ್ಪತ್ತು ದಿನವಿದೆ. ಬ್ರೇಕ್ ಅಕ್ಕನ ನೌಕರಿಯ ಒಪ್ಪಂದವೂ ಅಂದೇ ಮುಗಿಯುತ್ತದೆ, ಮುಂದುವರಿಸಬೇಕೋ ಬೇಡವೋ ಎಂದು ಹೇಳುವವರಲ್ಲಿ ಈ ಮ್ಯಾನೇಜರೂ ಒಬ್ಬರು.

ಎಂಟು ನಲವತ್ತಕ್ಕೆ ಅವರೇ ಬರುತ್ತಾರೆ. "ಸಹಿ ಆಯ್ತಾ?"

"ಇಲ್ಲ ಸರ್. ಕಾರಣ ಬರೆದಿಲ್ಲ."

"ಬರೆದಿದೀನಲ್ಲ! ಹದಿನೈದು ವರ್ಷದಿಂದ ಮಾರ್ಕೆಟ್ ನೋಡ್ತಿದೀನಿ. ನಂಗೆ ಬರುತ್ತೆ ಈ ಕೆಲಸ."

"ನಿಮಗೆ ಬರುತ್ತೆ ಅಂತ ಊರಿಗೇ ಗೊತ್ತು ಸರ್. ಷೇರು ಬರುತ್ತೆ ಅಂತ ಹೇಗೆ ಗೊತ್ತು? ನಾಲ್ಕು ಸಾಲು ಬರೀರಿ."

"ಹುಷಾರು. ಇಪ್ಪತ್ತು ದಿನ ಬಿಟ್ಟು ನಿಮ್ಮ ಕಾಗದಕ್ಕೂ ಯಾರೋ ಸಹಿ ಹಾಕ್ಬೇಕು."

ಬ್ರೇಕ್ ಅಕ್ಕ ಪೆನ್ನನ್ನು ಮುಂದೆ ತಳ್ಳುತ್ತಾರೆ. "ಆಗ ನೀವೂ ಕಾರಣ ಬರೀಬೇಕಾಗತ್ತೆ ಸರ್."

ಮ್ಯಾನೇಜರು ಧಡಕ್ಕನೆ ಕೂರುತ್ತಾರೆ. ಮೊದಲ ಸಾಲು ಕಂಪನಿಯ ಲಾಭದ ಬಗ್ಗೆ, ಎರಡನೆಯದು ಹೊಸ ಆರ್ಡರಿನ ಬಗ್ಗೆ. ಮೂರನೆಯದಕ್ಕೆ ಪೆನ್ನು ನಿಲ್ಲುತ್ತದೆ. ಗಡಿಯಾರದಲ್ಲಿ ಎಂಟು ಐವತ್ತೆರಡು. ಏನೋ ಬರೆಯುತ್ತಾರೆ, ಅದನ್ನೇ ದಿಟ್ಟಿಸುತ್ತಾರೆ, ಗೀಟು ಎಳೆಯುತ್ತಾರೆ. ಗೀಟಿನ ಕೆಳಗಿದ್ದದ್ದನ್ನು ನಾನು ಆಮೇಲೆ ಓದಿದೆ: 'ನಾನು ಹತ್ತೊಂಬತ್ತನೇ ಸ್ಥಾನದಲ್ಲಿದ್ದೇನೆ.' ಷೇರಿನ ಸಂಖ್ಯೆಯನ್ನು ಐದರಲ್ಲಿ ಒಂದು ಪಾಲಿಗೆ ಇಳಿಸಿ ಚೀಟಿ ಹಿಂದಿರುಗಿಸುತ್ತಾರೆ.

"ಇಷ್ಟಕ್ಕೆ ಎರಡು ಸಾಲು ಸಾಕು," ಎಂದು ಬ್ರೇಕ್ ಅಕ್ಕ ಸಹಿ ಹಾಕುತ್ತಾರೆ.

ತಮಾಷೆ ಕೇಳಿ. ಅದೇ ದಿನ ಆ ಷೇರು ನೂರಕ್ಕೆ ಐದರಷ್ಟು ಏರುತ್ತದೆ! ಚಹಾ ಹೊತ್ತಿಗೆ ಮಹಡಿಯೆಲ್ಲ ನಗು. "ಬ್ರೇಕ್ ಹಾಕಿ ಬಸ್ಸೇ ತಪ್ಪಿಸಿಬಿಟ್ರಲ್ಲ!" ಎಂದು ಯಾರೋ ಕೂಗುತ್ತಾರೆ. ತಪ್ಪಾಯಿತು ಅನ್ನಿಸುವುದಿಲ್ಲವೇ ಎಂದು ನಾನೂ ಕೇಳುತ್ತೇನೆ.

"ಏರ್ಲಿ ಬಿಡಿ, ಸಂತೋಷ. ಕಣ್ಣು ಮುಚ್ಕೊಂಡು ರಸ್ತೆ ದಾಟಿದೋನು ಬದುಕಿಕೊಂಡ ಅಂತ ನಾಳೆಯಿಂದ ಎಲ್ಲರೂ ಹಾಗೇ ದಾಟೋಕಾಗತ್ತಾ?"

ಒಪ್ಪಂದದ ಕಾಗದ ಇನ್ನೂ ಬಂದಿಲ್ಲ. ಬ್ರೇಕ್ ಅಕ್ಕನಿಗೆ ನಿದ್ದೆಯೂ ಸರಿಯಾಗಿಲ್ಲ, ಅದನ್ನವರು ಮುಚ್ಚಿಡುವುದಿಲ್ಲ. ನಿಮ್ಮನ್ನು ಉಳಿಸಿಕೊಳ್ಳಲು ಕಾರಣವೇನು ಎಂದು ನಿಮ್ಮನ್ನೇ ಕೇಳಿದರೆ ಏನು ಬರೆಯುತ್ತೀರಿ ಎಂದೆ. ಬೆಳಗಿನಿಂದ ಮೊದಲ ಸಲ ನಕ್ಕರು.

"ಷೇರು ವ್ಯವಹಾರ ನಂಗೆ ಬರಲ್ಲಪ್ಪ. ಓದೋಕೆ ಬರುತ್ತೆ."