ವಾಕಿಂಗ್ ಟ್ರ್ಯಾಕಿನ ಮೇಲೆ ಚರಗ

ಉಚ್ಚೆಯ ವಾಸನೆಯಿಂದ ನೆನಪು ಶುರುವಾಗುತ್ತದೆ ಎಂದರೆ ನೀವು ಮೂಗು ಮುರಿಯಬಹುದು. ಮುರಿಯಿರಿ, ನಾನಂತೂ ದಿನಾ ಬೆಳಿಗ್ಗೆ ಮೂಗು ಮುಚ್ಚಿಕೊಂಡೇ ನಡೆಯುತ್ತೇನೆ. ಸಿಂದಗಿಯಿಂದ ದೇವರ ಹಿಪ್ಪರಗಿಗೆ ಹೋಗುವ ರಸ್ತೆಯ ಪಕ್ಕ ಒಂದು ಬಡಾವಣೆ, ಅದರ ನಡುವೆ ಒಂದು ಪಾರ್ಕು, ಪಾರ್ಕಿನ ಮೂಲೆಯಲ್ಲಿ ಒಂದು ಬನ್ನಿಗಿಡ. ಗಿಡದ ಬುಡದವರೆಗೂ ಸಿಮೆಂಟಿನ ಹಾಸು ಹೊದಿಸಿ, ಕಾಂಡದ ಸುತ್ತ ಅಂಗೈಯಗಲ ಮಣ್ಣು ಬಿಟ್ಟಿದ್ದಾರೆ. ಬಾಗಿಲಿಗೆ ಬಣ್ಣದ ದೀಪದ ಕಮಾನು ಇದೆ, ಪಾಯಿಖಾನೆಗೆ ಮಾತ್ರ ನೀರಿಲ್ಲವೆಂದು ಬೀಗ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಹೀಗಾಗಿ ಆರೋಗ್ಯ ಕಾಪಾಡಿಕೊಳ್ಳಲು ಬರುವ ದೊಡ್ಡ ಮನುಷ್ಯರೆಲ್ಲ ಆ ಅಂಗೈಯಗಲ ಮಣ್ಣನ್ನೇ ಹುಡುಕಿಕೊಂಡು ಹೋಗಿ ನಿಲ್ಲುತ್ತಾರೆ. ಬೆಂಚಿನ ಕಾಲಿಗೆಲ್ಲ ಗುಟಕಾದ ಕೆಂಪು, ಜೋಕಾಲಿಯ ಕೆಳಗೆ ಚಿಪ್ಸಿನ ಚೀಲ, ಕಸದ ಡಬ್ಬಿಯಿಂದ ಹೊರಗೆ ಇಣುಕುವ ಕೂಸುಗಳ ಪ್ಯಾಡು. ನನಗೆ ಅಸಹ್ಯವಾಗುತ್ತದೆ. ಆದರೆ ಸಕ್ಕರೆ ಕಾಯಿಲೆಗೆ ಡಾಕ್ಟರು ನಡೆ ಎಂದಿದ್ದಾರೆ, ಹತ್ತಿರದಲ್ಲಿ ನಡೆಯಲು ಬೇರೆ ಜಾಗವಿಲ್ಲ. ಬನ್ನಿಗಿಡ ದಾಟುವಾಗ ಮಾತ್ರ, ಆ ದುರ್ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಮೆಲ್ಲಗೆ ಏಳುತ್ತದೆ. ಹಸಿ ಸುಣ್ಣ, ಗುರೆಳ್ಳು ಹಿಂಡಿ, ಬುಟ್ಟಿಯೊಳಗೆ ಬೆವರಿದ ಸಜ್ಜೆಯ ಕಡಬು. ಈ ಪಾರ್ಕು ಒಂದು ಕಾಲಕ್ಕೆ ನಮ್ಮ ಹೊಲವಾಗಿತ್ತು.

ಎಳ್ಳಮಾವಾಸ್ಯೆಯ ದಿನ ನಮ್ಮ ಮನೆಗೆ ಮನೆಯೇ ಗಾಡಿ ಏರುತ್ತಿತ್ತು. ಹಿಂದಿನ ದಿನದಿಂದಲೇ ಅಡಿಗೆಮನೆಯಲ್ಲಿ ನಮ್ಮ ಅತ್ತೆಯ ರಾಜ್ಯಭಾರ. ಅತ್ತೆ ಎಂದರೆ ಅಪ್ಪನ ಅಕ್ಕ, ಶಿವವ್ವ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಕಾಳು, ಸೊಪ್ಪು, ಹಸಿ ಕಡಲೆ ಎಲ್ಲ ಕೂಡಿಸಿ ಆಕೆ ಕುದಿಸುತ್ತಿದ್ದ ಭಜ್ಜಿಯ ಪರಿಮಳಕ್ಕೆ ಓಣಿಯ ನಾಯಿಗಳು ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಹೊಲದಲ್ಲಿ ಬಿಳಿಜೋಳ ತೆನೆ ಹೊತ್ತು ನಿಂತಿರುತ್ತಿತ್ತು. ಭೂಮಿತಾಯಿ ಬಸುರಿ, ಆಕೆಯ ಬಯಕೆಗೆ ಉಣಿಸುವ ದಿನ ಅದು. ಬನ್ನಿಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಬಳಿದು ಪೂಜೆ ಮಾಡಿ, ತಂದ ಅಡಿಗೆಯಲ್ಲೆಲ್ಲ ಸ್ವಲ್ಪ ಸ್ವಲ್ಪ ತೆಗೆದು ಬುಟ್ಟಿಯಲ್ಲಿ ಕಲಸಿ, ಆ ಚರಗವನ್ನು ದೊಡ್ಡಪ್ಪ ಬದುವಿನ ಗುಂಟ ಚೆಲ್ಲುತ್ತ ಹೊರಡುತ್ತಿದ್ದ. "ಹುಲ್ಲುಲ್ಲಿಗೋ!" ಎಂದು ಆತ ಕೂಗಿದರೆ ಜೋಳದೊಳಗಿನ ಹಕ್ಕಿಗಳೆಲ್ಲ ಒಮ್ಮೆಲೇ ಏಳುತ್ತಿದ್ದವು. ತಂಬಿಗೆಯಿಂದ ನೀರು ಚಿಮುಕಿಸುತ್ತ ಅವನ ಹಿಂದೆ ಬರಿಗಾಲಲ್ಲಿ ನಾನು. ಚರಗ ಚೆಲ್ಲುವವರು ಹಿಂದಿರುಗಿ ನೋಡಬಾರದು, ನೋಡಿದರೆ ಭೂಮಿತಾಯಿ ಬಾಯಿಗಿಟ್ಟ ತುತ್ತು ಬಿಡುತ್ತಾಳೆ ಎಂದು ನಮ್ಮ ಮನೆಯ ನಂಬಿಕೆ. ಸುತ್ತು ಮುಗಿಸಿ ದೊಡ್ಡಪ್ಪ ದೂರದಿಂದಲೇ "ಉಂಡ್ಳವ್ವಾ!" ಎಂದು ಒದರಿದ ಮೇಲೆಯೇ ಅತ್ತೆ ನಮಗೆ ಬಡಿಸುತ್ತಿದ್ದಳು. ಅಲ್ಲಿಯವರೆಗೆ ಎಷ್ಟು ಅತ್ತು ಕರೆದರೂ ಒಂದು ಚೂರು ಕಡಬು ಸಿಗುತ್ತಿರಲಿಲ್ಲ. ಉಂಡ ಮೇಲೆ ಹುಣಸೆಮರಕ್ಕೆ ಹಗ್ಗದ ಜೋಕಾಲಿ ಬೀಳುತ್ತಿತ್ತು, ದೊಡ್ಡವರೂ ನಾಚಿಕೆ ಬಿಟ್ಟು ಜೀಕುತ್ತಿದ್ದರು.

ದೊಡ್ಡಪ್ಪ ಹೋದ ಮೇಲೆ ಮನೆ ಪಾಲಾಯಿತು, ಹೊಲ ಪ್ಲಾಟಾಯಿತು. ಹುಣಸೆಮರ ರಸ್ತೆಗೆ ಅಡ್ಡ ಬಂತೆಂದು ಹೋಯಿತು. ಬನ್ನಿಗಿಡ ಹೇಗೋ ಪಾರ್ಕಿನ ಪಾಲಿಗೆ ಬಿದ್ದು ಬದುಕಿತು. ಬದುಕಬಾರದಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಅತ್ತೆ ನನ್ನ ಮನೆಯಲ್ಲೇ ಇದ್ದಳು. ಹೊಲ ಹೋದ ಮೇಲೆ ಎಳ್ಳಮಾವಾಸ್ಯೆಗೆ ಅಡಿಗೆ ಮಾಡುವುದನ್ನೇ ಬಿಟ್ಟಿದ್ದಳು. ಎರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಕಡಬಿಗೆ ಹಿಟ್ಟು ನಾದತೊಡಗಿದಳು. ಯಾರಿಗೆ ಇದೆಲ್ಲ ಎಂದೆ.

"ಆಕಿ ಬಸರಾಗ್ಯಾಳೋ ತಮ್ಮಾ. ಯಾರೂ ಒಂದ್ ತುತ್ತು ಹಾಕಿಲ್ಲ. ನಾ ಸಾಯೂದ್ರಾಗ ಒಮ್ಮಿ ಉಣಿಸಿ ಬರ್ತೇನಿ, ಕರ್ಕೊಂಡ್ ಹೋಗು."

"ಅಲ್ಲಿ ಹೊಲ ಎಲ್ಲೈತತ್ತಿ?"

"ಹೊಲ ಹೋದ್ರ ಭೂಮಿ ಎಲ್ಲಿ ಹೋಗತೈತಿ?"

ಬುಟ್ಟಿ ಹೊತ್ತು, ತಂಬಿಗೆ ಹಿಡಿದು ಹೊರಟೆವು. ಗಿಡದ ಬುಡಕ್ಕೆ ಬಂದು ಅತ್ತೆ ಮೂಗಿಗೆ ಸೆರಗು ಹಿಡಿದಳು. ಆಮೇಲೆ ನನ್ನ ಕೈಯ ತಂಬಿಗೆ ಇಸಿದುಕೊಂಡು ಅರ್ಧ ನೀರು ಬುಡಕ್ಕೆ ಸುರಿದು, ಬರಿಗೈಯಿಂದ ತಿಕ್ಕಿ ತೊಳೆದಳು. "ಬಸರಿ ಹೆಂಗಸಿನ ಮ್ಯಾಲೆ ಹೊಯ್ತಾರಲ್ಲೋ, ಇವ್ರ ಕೈ ಸೇದ್ಲಿ" ಎಂದು ಬೈದಳು. ಐದು ಕಲ್ಲು ಅಲ್ಲಿರಲಿಲ್ಲ. ಇದ್ದಷ್ಟು ಮಣ್ಣಿಗೆ ಕುಂಕುಮ ಹಚ್ಚಿ, ಪಾರ್ಕಿನ ಸುತ್ತ ಬಳಸಿಕೊಂಡು ಹೋದ ವಾಕಿಂಗ್ ಟ್ರ್ಯಾಕನ್ನು ನೋಡಿ "ಬದು ಚಲೋ ಕಟ್ಟ್ಯಾರ" ಎಂದಳು. ಚಪ್ಪಲಿ ಬಿಟ್ಟು, ಬುಟ್ಟಿಯನ್ನು ಟೊಂಕಕ್ಕೆ ಇಟ್ಟುಕೊಂಡು, ಸೀಳಿದ ದನಿಯಲ್ಲಿ "ಹುಲ್ಲುಲ್ಲಿಗೋ!" ಎಂದು ಚರಗ ಚೆಲ್ಲುತ್ತ ಹೊರಟಳು. ನಾನು ಹಿಂದೆ ನೀರು ಚಿಮುಕಿಸುತ್ತ ನಡೆದೆ. ಐವತ್ತು ದಾಟಿದ ಗಂಡಸು, ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಅರ್ಧ ಸುತ್ತು ಆಗಿರಬೇಕು, ಬಡಾವಣೆಯ ಸಂಘದ ಅಧ್ಯಕ್ಷರು ಎದುರಿಗೆ ಬಂದರು. ಬಿಳಿ ಬೂಟು, ಬಾಯ್ತುಂಬ ಗುಟಕಾ.

"ಏನ್ ಹೊಲಸ ಮಾಡಾಕತ್ತೀಬೇ ಮುದುಕಿ? ಪಾರ್ಕ್ ಐತಿ ಇದು, ತಿಪ್ಪಿ ಅಲ್ಲ" ಎಂದು, ಮಾತು ಸರಾಗವಾಗಲೆಂದು ಬದಿಗೆ ಪಿಚಕ್ಕನೆ ಉಗುಳಿದರು.

"ನೀವು ಉಗುಳಿದ್ದು ಗಂಧ ಏನ್ರಿ?" ಎಂದಳು ಅತ್ತೆ, ನಿಲ್ಲದೆಯೇ.

ಅವರು ಕಾವಲಿನವನಿಗೆ ಕಣ್ಣು ಮಾಡಿದರು. ಪಾಪದ ಮನುಷ್ಯ, ಹೇಳಿದ್ದು ಮಾಡಲೇಬೇಕು. ಕಸಬರಿಗೆ ತಂದು ನಮ್ಮ ಹಿಂದೆಯೇ ಗುಡಿಸತೊಡಗಿದ. ಸಿಮೆಂಟಿನ ಮೇಲೆ ಕಸಬರಿಗೆಯ ಪರಪರ ಸಪ್ಪಳ ಕೇಳಿ ಅತ್ತೆ ಗಕ್ಕನೆ ನಿಂತಳು. ಹಿಂದಿರುಗಬ್ಯಾಡತ್ತಿ ಎನ್ನಬೇಕೆಂದುಕೊಂಡೆ, ಅಷ್ಟರಲ್ಲಿ ಆಕೆ ತಿರುಗಿ ನೋಡಿಬಿಟ್ಟಿದ್ದಳು. ಕಡಬು, ಭಜ್ಜಿ, ಮೊಸರನ್ನ ಎಲ್ಲ ಒಂದು ಗುಪ್ಪೆಯಾಗಿ ಮೊರಕ್ಕೆ ಏರಿ, ಕೂಸುಗಳ ಹೇಲಿನ ಪ್ಯಾಡಿದ್ದ ಡಬ್ಬಿಗೆ ಬಿತ್ತು. ಅತ್ತೆ ಬುಟ್ಟಿಯ ಮೇಲೆ ಸೆರಗು ಮುಚ್ಚಿಕೊಂಡು ಬಾಗಿಲ ಕಡೆ ನಡೆದಳು. ಚಪ್ಪಲಿಯನ್ನು ನಾನೇ ಎತ್ತಿಕೊಂಡು ಬಂದೆ.

ಮನೆಯಲ್ಲಿ ನನ್ನ ಹೆಂಡತಿ ಎಲ್ಲರಿಗೂ ತಾಟು ಇಟ್ಟಿದ್ದಳು. ಅತ್ತೆ ಉಣ್ಣಲು ಕುಳಿತು ಕೈ ಹಾಕದೆ ನನ್ನ ಮುಖ ನೋಡಿದಳು. ಆಕೆ ಯಾವ ಮಾತಿಗೆ ಕಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. "ಉಂಡ್ಳತ್ತಿ" ಎಂದೆ. ದನಿ ನನಗೇ ಕೇಳಿಸಲಿಲ್ಲ. ಆಕೆ ತನ್ನ ತಾಟಿನ ಕಡಬನ್ನು ಎತ್ತಿ ನನ್ನ ತಾಟಿಗೆ ಹಾಕಿದಳು. "ನೀ ಉಣ್ಣಪಾ. ನೀ ಸಣ್ಣಾಂವ ಅದಿ" ಎಂದು ಕೈ ತೊಳೆದುಕೊಂಡು ಎದ್ದುಹೋದಳು. ಮರುದಿನ ನಸುಕಿನವರೆಗೆ ನೀರೂ ಮುಟ್ಟಲಿಲ್ಲ.

ಅತ್ತೆ ಈಗಿಲ್ಲ. ನಾನು ವಾಕಿಂಗಿಗೆ ಹೋಗುವಾಗ ಒಂದು ಬಾಟಲಿ ನೀರು ಒಯ್ದು ಬನ್ನಿಗಿಡದ ಬುಡಕ್ಕೆ ಸುರಿಯುತ್ತೇನೆ. ಸುತ್ತು ಮುಗಿಸಿ ಬರುವಷ್ಟರಲ್ಲಿ ಅಲ್ಲಿ ಮತ್ತೊಬ್ಬ ನಿಂತಿರುತ್ತಾನೆ. ಈ ವರ್ಷದ ಎಳ್ಳಮಾವಾಸ್ಯೆಗೆ ನನ್ನ ಹೆಂಡತಿ ಅತ್ತೆಯ ಕೈಯ ರುಚಿಯಲ್ಲೇ ಭಜ್ಜಿ ಮಾಡಿದ್ದಳು. ಯಾರ ಕೂಗಿಗೂ ಕಾಯುವುದು ಇರಲಿಲ್ಲ. ಹೊತ್ತಿಗೆ ಸರಿಯಾಗಿ ಕುಳಿತೆವು, ನಾವಷ್ಟೇ ಉಂಡೆವು.